ವಿದ್ಯಾರ್ಥಿವೇತನ ಕೊನೆಯ ವರ್ಷವನ್ನು ಮುಟ್ಟಬೇಡವೆ?

ಬೊಕ್ಕಸ ಬರಿದಾದಾಗಲೆಲ್ಲ ಆಳುವವರಿಗೆ ಲಾಟರಿಯ ಸ್ಮರಣೆಯಾಗುವುದು ಈ ದೇಶಕ್ಕೆ ಹೊಸತಲ್ಲ. ಕಲ್ಕತ್ತೆಯ ಬೀದಿಗಳನ್ನು ನಿರ್ಮಿಸುವುದಕ್ಕಾಗಿ 1817ರಲ್ಲಿ ಒಂದು ಲಾಟರಿ ಸಮಿತಿಯೇ ನೇಮಕವಾಗಿತ್ತು; ಕೇರಳ ರಾಜ್ಯವು 1967ರಿಂದ ತನ್ನ ಹೆಸರಿನಲ್ಲಿಯೇ ಟಿಕೆಟು ಮಾರುತ್ತ ಬಂದು, 2011ರಲ್ಲಿ ‘ಕಾರುಣ್ಯ’ ಎಂಬ ಹೊಸ ಲಾಟರಿಯನ್ನು ಹೊರಡಿಸಿ ಅದರ ಲಾಭವನ್ನು ಬಡರೋಗಿಗಳ ಚಿಕಿತ್ಸೆಗೆ ಮೀಸಲಿರಿಸಿತು; 1999ರಲ್ಲಿ ಲಾಟರಿಗೆ ವಿದಾಯ ಹೇಳಿದ್ದ ಹಿಮಾಚಲ ಪ್ರದೇಶವು 2025ರಲ್ಲಿ ಅದನ್ನು ಪುನಃ ಆರಂಭಿಸಲು ತೀರ್ಮಾನಿಸಿತು. ಇಂತಹ ಪ್ರಸ್ತಾಪಗಳು ಎಂದೂ ತಮ್ಮ ಸ್ವಂತ ಹೆಸರಿನಿಂದ ಬರುವುದಿಲ್ಲ. ಯಾವುದಾದರೊಂದು ಸತ್ಕಾರ್ಯದ ಕೈಹಿಡಿದುಕೊಂಡೇ ಬರುತ್ತವೆ. ಆ ಸತ್ಕಾರ್ಯಗಳ ಪೈಕಿ ಬಡಮಕ್ಕಳ ವಿದ್ಯಾಭ್ಯಾಸಕ್ಕಿಂತ ಹೃದ್ಯವಾದುದು, ಅದನ್ನು ಕೇಳಿದ ಮೇಲೆ ಬೇಡವೆನ್ನಲು ನಾಲಗೆ ತೊಡರುವಂತಹುದು, ಬೇರೊಂದಿಲ್ಲ. ಆದುದರಿಂದ ಹೀಗೆ ಕೂಡಿಬಂದ ಹಣ ಯಾರ ಜೇಬಿನಿಂದ ಹೊರಟು ಯಾರ ಮನೆಯನ್ನು ಸೇರುತ್ತದೆ, ಸೇರಿದ ಮೇಲೆ ಎಷ್ಟು ಕಾಲ ಅಲ್ಲಿ ನಿಲ್ಲುತ್ತದೆ ಎಂಬುದನ್ನು ನಿಧಾನವಾಗಿ ವಿಚಾರಿಸುವುದು ಆವಶ್ಯಕ.

ಕರ್ನಾಟಕವು ಈ ಅಂಗಡಿಯ ಬಾಗಿಲನ್ನು 2007ರಲ್ಲಿ ಹಾಕಿತು. ಒಂದಂಕಿಯ ಲಾಟರಿಯನ್ನು ನಿಷೇಧಿಸಿ, ಯಾವ ಲಾಟರಿಯೂ ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ನಡೆಸಕೂಡದೆಂದು 1998ರ ಕೇಂದ್ರ ಕಾಯಿದೆಯು ವಿಧಿಸಿದ್ದಾಗ್ಯೂ, ಆ ನಿಯಮದ ಆಶಯಕ್ಕೆ ಸೊಪ್ಪು ಹಾಕದೆ ದಿನದಲ್ಲಿ ಹಲವು ಬಾರಿ ಫಲಿತಾಂಶ ತೋರಿಸುವ ಆನ್‌ಲೈನ್ ಲಾಟರಿಯ ಗೂಡಂಗಡಿಗಳು ಪಾಳಿ ಬಿಡುವ ಹೊತ್ತಿಗೆ ಗಿರಾಕಿಗಳನ್ನು ಕಾಯುತ್ತಿದ್ದ ಕಾಲವನ್ನು ಕೈಗಾರಿಕಾ ಪ್ರದೇಶಗಳ ಹಳಬರು ಮರೆತಿರಲಾರರು. ಸಂಬಳದ ದಿನದ ಸಂಜೆ ಆ ಗೂಡಂಗಡಿಗಳಿಗೆ ವಿಶೇಷವಾದ ಸುಗ್ಗಿ. ಹೊರರಾಜ್ಯಗಳ ಟಿಕೆಟುಗಳ ಮೇಲೆ ತೆರಿಗೆ ಹಾಕುವುದಕ್ಕೆಂದು ನಮ್ಮ ಸರ್ಕಾರ 2004ರಲ್ಲಿ ರಚಿಸಿದ ಕಾಯಿದೆಯ ವ್ಯಾಜ್ಯವು ಸುಪ್ರೀಂ ಕೋರ್ಟಿನಲ್ಲಿ ರಾಜ್ಯದ ಪರವಾಗಿ ಇತ್ಯರ್ಥವಾದುದು 2022ರ ಮಾರ್ಚಿಯಲ್ಲಿ, ಅಂದರೆ ಅಂಗಡಿ ಮುಚ್ಚಿ ಹದಿನೈದು ವರ್ಷಗಳಾದ ಮೇಲೆ. ತೆರಿಗೆ ಹಾಕುವ ಹಕ್ಕು ಸ್ಥಿರಪಟ್ಟಿತು. ತೆರಿಗೆಗೆ ಒಳಗಾಗಬೇಕಾದ ವ್ಯಾಪಾರ ಮಾತ್ರ ಇಲ್ಲಿ ಉಳಿದಿರಲಿಲ್ಲ. ಅದು ಉಳಿದಿಲ್ಲವೆಂಬುದು ಶುಭವಾರ್ತೆಯೇ.

ಲಾಟರಿಯ ಹಣದಿಂದ ಮಕ್ಕಳನ್ನು ಕಾಲೇಜಿಗೆ ಕಳುಹಿಸುವ ಪ್ರಯೋಗವನ್ನು ಅತ್ಯಂತ ವಿಸ್ತಾರವಾಗಿ ನಡೆಸಿ ನೋಡಿದ ನಾಡು ಅಮೆರಿಕದ ಜಾರ್ಜಿಯಾ. ಗವರ್ನರ್ ಜೆಲ್ ಮಿಲ್ಲರ್ ಅವರ ಉತ್ಸಾಹದಿಂದ 1993ರಲ್ಲಿ ಅಲ್ಲಿ ಆರಂಭವಾದ ‘ಹೋಪ್’ ಎಂಬ ವಿದ್ಯಾರ್ಥಿವೇತನವು ಹೈಸ್ಕೂಲಿನಲ್ಲಿ ‘ಬಿ’ ದರ್ಜೆಯ ಸರಾಸರಿ ಗಳಿಸಿದವರಿಗೆ ರಾಜ್ಯದ ಕಾಲೇಜುಗಳಲ್ಲಿ ಬೋಧನಾ ಶುಲ್ಕವನ್ನು ಭರಿಸುವುದಾಗಿ ಮಾತುಕೊಟ್ಟಿತು. ಮೊದಲ ವರ್ಷದಲ್ಲಿ ವಾರ್ಷಿಕ 66,000 ಡಾಲರಿಗಿಂತ ಹೆಚ್ಚು ಆದಾಯವುಳ್ಳ ಕುಟುಂಬಗಳಿಗೆ ಪ್ರವೇಶವಿರಲಿಲ್ಲ; ಮರುವರ್ಷ ಆ ಮಿತಿಯು 1,00,000 ಡಾಲರಿಗೆ ಏರಿತು; 1995ರಲ್ಲಿ ಮಿತಿಯೇ ಇಲ್ಲವಾಯಿತು. ಶ್ರೀಮಂತರಿಗೆ ಹೀಗೆ ಹೆಬ್ಬಾಗಿಲು ತೆರೆದ ಕಾಲದಲ್ಲಿಯೇ, ಕೇಂದ್ರ ಸರ್ಕಾರದ ‘ಪೆಲ್’ ಅನುದಾನವನ್ನು ಪಡೆಯುತ್ತಿದ್ದ ಬಡ ವಿದ್ಯಾರ್ಥಿಗೆ ಆ ಅನುದಾನದಷ್ಟು ಮೊತ್ತವನ್ನು ‘ಹೋಪ್’ನಿಂದ ಕಳೆಯುವ ಕ್ರಮವೂ ನಡೆದಿತ್ತು, ಅಂತಹ ಅನೇಕರ ಪಾಲಿಗೆ ಉಳಿಯುತ್ತಿದ್ದುದು ಪುಸ್ತಕದ ಖರ್ಚಿಗೆಂದು ಕೊಡುತ್ತಿದ್ದ ಅಲ್ಪಮೊತ್ತ ಮಾತ್ರ. ಈ ಕ್ರಮವು ನಿಂತುದು 2000ದಲ್ಲಿ.

ಅದೇ 2000ದಲ್ಲಿ ಅರ್ಥಶಾಸ್ತ್ರಜ್ಞೆ ಸೂಸನ್ ಡೈನಾರ್ಸ್ಕಿ ಈ ಯೋಜನೆಯ ಫಲವನ್ನು ಪರಿಶೀಲಿಸಿ, ಕಾಲೇಜು ಸೇರುವವರ ಸಂಖ್ಯೆ ಹೆಚ್ಚಿದುದು ನಿಜವಾದರೂ, ಬಿಳಿಯರಿಗೂ ಕರಿಯರಿಗೂ, ಉಳ್ಳವರಿಗೂ ಇಲ್ಲದವರಿಗೂ ನಡುವೆ ಮೊದಲೇ ಇದ್ದ ಅಂತರವು ಇದರಿಂದ ವಿಸ್ತರಿಸಿತೆಂದು ತೋರಿಸಿದರು. ಲಾಟರಿಗಾಗಿ ತಮ್ಮ ಆದಾಯದ ಹೆಚ್ಚಿನ ಅಂಶವನ್ನು ತೆರುವವರು ಅಲ್ಪಾದಾಯದವರೆಂಬುದು ಹಲವು ಅಧ್ಯಯನಗಳಿಂದ ಸಿದ್ಧವಾಗಿರುವುದಷ್ಟೆ. ಇನ್ನು ದೊರೆತ ವೇತನವನ್ನು ಉಳಿಸಿಕೊಳ್ಳುವ ಮಾತು. ಕಾಲೇಜಿನಲ್ಲಿಯೂ ‘ಬಿ’ ಸರಾಸರಿಯನ್ನು ಕಾಪಾಡಿಕೊಳ್ಳದವನು ಅದನ್ನು ಕಳೆದುಕೊಳ್ಳಬೇಕಾದ ನಿಯಮವಿದ್ದುದರಿಂದ, ವಿದ್ಯಾರ್ಥಿಗಳು ಕಠಿನ ವಿಷಯಗಳನ್ನು ನಡುವೆ ಕೈಬಿಡುವುದೂ ವರ್ಷದ ಪಾಠಭಾರವನ್ನು ತಗ್ಗಿಸಿಕೊಳ್ಳುವುದೂ ಕಂಡುಬಂದುವು. ನಿಧಿಯ ಮೇಲೆ ಒತ್ತಡ ಬಿದ್ದಾಗ, 2011ರಲ್ಲಿ, ಪೂರ್ಣ ಶುಲ್ಕವನ್ನು ಇನ್ನೂ ಎತ್ತರದ ಅಂಕಗಳನ್ನು ತಂದವರಿಗೆ ಕಾದಿರಿಸಿ ಉಳಿದವರ ಪಾಲನ್ನು ಇಳಿಸಲಾಯಿತು. ಹಣ ಸಾಲದೆ ಬಂದಾಗ ಮೊದಲು ಕೈಬಿಟ್ಟುಹೋಗುವವರು ಯಾರೆಂಬುದಕ್ಕೆ ಜಾರ್ಜಿಯಾ ಕೊಟ್ಟ ಉತ್ತರವು ಇಷ್ಟು ಸ್ಪಷ್ಟವಾಗಿದೆ.

ನಮ್ಮಲ್ಲಿ ಲಾಟರಿಯಿಲ್ಲ, ಆದುದರಿಂದ ಈ ಪ್ರಶ್ನೆಯೂ ನಮ್ಮದಲ್ಲ ಎಂದು ಸಮಾಧಾನಪಡುವಂತಿಲ್ಲ. ಲಾಟರಿ ನಿಂತ 2007ರಲ್ಲಿಯೇ ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯು ಅಸ್ತಿತ್ವಕ್ಕೆ ಬಂದಿತು. ಎರಡರ ಕಾಲವು ಕೂಡಿಬಂದುದು ಆಕಸ್ಮಿಕವಾದರೂ ಅದರಲ್ಲಿ ಒಂದು ಔಚಿತ್ಯವಿದೆ. ಲಾಟರಿಯಲ್ಲಿ ಬಡವನ ಕಾಸು ಮೇಲಕ್ಕೆ ಹೋಗುತ್ತಿತ್ತು. ಇಲ್ಲಿಯಾದರೋ, 1996ರ ಸೆಸ್ ಕಾಯಿದೆಯಿಂದ ಬಂದ ಕ್ರಮದಂತೆ, ಕಟ್ಟಡ ಕಟ್ಟಿಸುವವನು ನಿರ್ಮಾಣ ವೆಚ್ಚದ ಶೇಕಡ 1ರಷ್ಟನ್ನು ಅದನ್ನು ಕಟ್ಟಿದ ಕಾರ್ಮಿಕರ ಕ್ಷೇಮಕ್ಕೆಂದು ತೆರಬೇಕು. ಆ ಕಾಯಿದೆಯಲ್ಲಿ ಹತ್ತು ಲಕ್ಷ ರೂಪಾಯಿಗೆ ಮೀರದ ವೆಚ್ಚದಲ್ಲಿ ಸ್ವಂತ ವಾಸಕ್ಕೆ ಮನೆ ಕಟ್ಟಿಕೊಳ್ಳುವವನಿಗೆ ಈ ಹೊರೆಯಿರಲಿಲ್ಲ. 1882ರಲ್ಲಿ ಆಂಗ್ಲೋ ಇಂಡಿಯನ್ನರ ಕೃಷಿ ವಸತಿಯಾಗಿ ಹುಟ್ಟಿದ ವೈಟ್‌ಫೀಲ್ಡು ಗಗನಚುಂಬಿ ಕಟ್ಟಡಗಳ ಅರಣ್ಯವಾಗಿರುವ ಈ ಕಾಲದಲ್ಲಿ, ಆರ್. ಕೆ. ಬಾಳಿಗ ಅವರ ದೂರದೃಷ್ಟಿಯಿಂದ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆ ಭೂಮಿಯಲ್ಲಿ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿಯು ಮೂಲಮೇರೆಗಳನ್ನು ದಾಟಿ ಹಬ್ಬಿರುವ ಈ ಕಾಲದಲ್ಲಿ, ಶೇಕಡ 1 ಎಂಬುದು ಅಲ್ಪವಲ್ಲ. ಮೂಲದ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ನ್ಯಾಯವಾದ ವಿದ್ಯಾನಿಧಿಯನ್ನು ಕಲ್ಪಿಸುವುದು ಕಷ್ಟ.

ಆದರೆ ನಿರ್ಮಲವಾದ ಮೂಲದಿಂದ ಹೊರಟ ಧನವೆಲ್ಲ ನ್ಯಾಯವಾದ ದಾರಿಯಲ್ಲಿಯೇ ಹರಿಯುತ್ತದೆಂಬ ಭರವಸೆಯಿಲ್ಲ. ದೇಶದ ಎಲ್ಲ ರಾಜ್ಯಗಳಲ್ಲಿಯೂ ಸೇರಿ ಸುಮಾರು 37,400 ಕೋಟಿ ರೂಪಾಯಿಯಷ್ಟು ಸೆಸ್ ಸಂಗ್ರಹವಾಗಿದ್ದು, ಖರ್ಚಾದುದು ಸುಮಾರು 9,500 ಕೋಟಿ ಮಾತ್ರವೆಂಬುದನ್ನು 2018ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ಖೇದದಿಂದ ಗುರುತಿಸಿತು. ಕೆಲವೆಡೆ ಆ ಹಣದಿಂದ ಲ್ಯಾಪ್‌ಟಾಪುಗಳನ್ನೂ ಬಟ್ಟೆ ಒಗೆಯುವ ಯಂತ್ರಗಳನ್ನೂ ಕೊಂಡಿದ್ದ ಸಂಗತಿಯು ಆ ವ್ಯಾಜ್ಯದಲ್ಲಿ ಬೆಳಕಿಗೆ ಬಂದಿತ್ತು. ಮಗನ ಕಾಲೇಜಿನ ಶುಲ್ಕಕ್ಕೆ ಊರಿನ ಬಡ್ಡಿಸಾಲವನ್ನು ನೆಚ್ಚಿಕೊಂಡಿರುವ ಗಾರೆಯವನಿಗೆ ಒಗೆಯುವ ಯಂತ್ರದಿಂದ ಆಗತಕ್ಕ ಉಪಕಾರವೇನೆಂಬುದನ್ನು ಕೊಂಡವರೇ ಹೇಳಬೇಕು.

ಮೊದಲು, ಮಂಡಳಿಯು ಈ ನಿಧಿಯಿಂದ ಕಾರ್ಮಿಕರ ಮಕ್ಕಳಿಗೆ ಕೊಡುವ ವಿದ್ಯಾರ್ಥಿವೇತನವನ್ನು ಪಡೆಯುವವರು ಯಾರೆಂಬುದನ್ನು ನೋಡೋಣ. ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಲು ಕಾರ್ಮಿಕನು 18ರಿಂದ 60 ವರ್ಷದೊಳಗಿನವನಾಗಿದ್ದು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿರಬೇಕು, ಮಾಡಿದನೆಂಬುದಕ್ಕೆ ಪ್ರಮಾಣಪತ್ರವಿರಬೇಕು. ನಿಯಮವು ಸರಳವಾಗಿಯೇ ಇದೆ. ಆದರೆ ಮುನ್ನೇಕೊಳಲು, ತೂಬರಹಳ್ಳಿ, ವರ್ತೂರು, ಕಾಡುಗೋಡಿಗಳ ತಗಡಿನ ಶೆಡ್ಡುಗಳಲ್ಲಿ ವಾಸಿಸುವ, ಯಾದಗಿರಿಯಿಂದಲೋ ರಾಯಚೂರಿನಿಂದಲೋ ಮಳೆ ಕೈಕೊಟ್ಟ ವರ್ಷ ಸಂಸಾರಸಮೇತ ಬಂದಿಳಿದ ದಂಪತಿಗಳು ತೊಂಬತ್ತು ದಿನವನ್ನು ಒಂದೇ ಸೈಟಿನಲ್ಲಿ, ಒಬ್ಬನೇ ಮೇಸ್ತ್ರಿಯ ಕೈಕೆಳಗೆ ಕಳೆಯುವುದು ವಿರಳ. ಮೇಸ್ತ್ರಿಗೆ ಮೇಲೊಬ್ಬ ಉಪಗುತ್ತಿಗೆದಾರ, ಅವನಿಗೆ ಮೇಲೊಬ್ಬ ಗುತ್ತಿಗೆದಾರ, ಎಲ್ಲರಿಗೂ ಮೇಲೆ ಬಿಲ್ಡರು. ಪ್ರಮಾಣಪತ್ರಕ್ಕೆ ರುಜು ಹಾಕುವುದೆಂದರೆ ಇಂತಹವನು ನನ್ನಲ್ಲಿ ದುಡಿದನೆಂದು ಒಪ್ಪಿಕೊಂಡಂತೆ. ಒಪ್ಪಿಕೊಂಡರೆ ಕೂಲಿ, ಅಪಘಾತ, ಭವಿಷ್ಯನಿಧಿ ಮುಂತಾದ ಎಲ್ಲ ಹೊಣೆಗಳನ್ನೂ ಒಪ್ಪಿಕೊಂಡಂತೆ. ಆದುದರಿಂದ ರುಜು ಸಿಕ್ಕುವುದಿಲ್ಲ. ಇದಕ್ಕೆ ಪ್ರತಿಯಾಗಿ, ಕರಣೆಯನ್ನು ಕೈಯಲ್ಲಿ ಹಿಡಿಯದವರಿಗೆ ದಲ್ಲಾಳಿಗಳ ಮೂಲಕ ಲೇಬರ್ ಕಾರ್ಡುಗಳು ದೊರೆತಿರುವ ಸಂಗತಿಯನ್ನು ಸರ್ಕಾರವೇ ಒಪ್ಪಿಕೊಂಡು, ದೊಡ್ಡ ಸಂಖ್ಯೆಯಲ್ಲಿ ನಕಲಿ ಕಾರ್ಡುಗಳನ್ನು ರದ್ದು ಮಾಡಿರುವುದುಂಟು. ದುಡಿದವನಿಗೆ ಕಾರ್ಡಿಲ್ಲ, ಕಾರ್ಡುಳ್ಳವನು ದುಡಿದವನಲ್ಲ ಎಂಬ ವಿಪರ್ಯಾಸವು ಹೀಗೆ ಸಂಭವಿಸಿತು.

ಪೀಣ್ಯದ ಕಾರ್ಖಾನೆಗಳ ಸ್ಥಿತಿ ಬೇರೆ ಬಗೆಯದು. ಅಲ್ಲಿ ಅನ್ವಯಿಸುವುದು 1965ರ ಕಾರ್ಮಿಕ ಕಲ್ಯಾಣ ನಿಧಿ ಕಾಯಿದೆ. ಇತ್ತೀಚಿನವರೆಗೂ ಕಾರ್ಮಿಕನು ವರ್ಷಕ್ಕೆ 20, ಮಾಲೀಕನು 40, ಸರ್ಕಾರವು 20 ರೂಪಾಯಿಗಳನ್ನು ಸೇರಿಸುತ್ತಿದ್ದ ಈ ನಿಧಿಗೆ ಈಗ ಅನುಕ್ರಮವಾಗಿ 50, 100, 50 ರೂಪಾಯಿಗಳು ಸಲ್ಲುತ್ತವೆ. ತಿಂಗಳಿಗೆ 35,000 ರೂಪಾಯಿಯೊಳಗಿನ ವೇತನವುಳ್ಳ ಕಾರ್ಮಿಕನ ಮಗು ಹಿಂದಿನ ತರಗತಿಯಲ್ಲಿ ಶೇಕಡ 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಾದರೆ ಶೇಕಡ 45 ಅಂಕ ಗಳಿಸಿದ್ದಲ್ಲಿ ಪ್ರೋತ್ಸಾಹಧನಕ್ಕೆ ಅರ್ಹ. ಇದು ಕಾರ್ಮಿಕನ ಸ್ವಂತ ಕಾಣಿಕೆಯೂ ಕೂಡಿದ ನಿಧಿಯಾದುದರಿಂದ ಇಲ್ಲಿ ಬೇಡುವ ಮಾತೇ ಇಲ್ಲ. ಕೇಳುವುದು ಅವನ ಅಧಿಕಾರ. ಆದರೆ ಕೇಳುವುದಕ್ಕೆ ಅವನ ಹೆಸರು ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿರಬೇಕು. ಅವನು ತಮ್ಮವನೆಂದು ಆಡಳಿತವರ್ಗದವರು ದೃಢೀಕರಿಸಬೇಕು. 1970ರ ದಶಕದಿಂದ ಬೆಳೆದುಬಂದು, ಸಣ್ಣ ಉದ್ದಿಮೆಗಳ ಸಾಗರವೆನಿಸಿರುವ ಪೀಣ್ಯದಲ್ಲಿ ಐದಾರು ಮಂದಿ ದುಡಿಯುವ ಲೇತ್ ಶೆಡ್ಡುಗಳೂ ಬಫಿಂಗ್, ಪಾಲಿಶಿಂಗಿನ ಗೂಡುಗಳೂ ಅಸಂಖ್ಯಾತವಾಗಿವೆ. ಅವು ಈ ಕಾನೂನಿನ ಪರಿಧಿಯಿಂದ ಹೊರಗೆ ನಿಲ್ಲುತ್ತವೆ. ಪರಿಧಿಯ ಒಳಗಿರುವ ಕಾರ್ಖಾನೆಗಳಲ್ಲಿಯೂ ಗುತ್ತಿಗೆಯ ಮೇಲೆ ಬಂದ ಹೆಲ್ಪರನು ಯಂತ್ರದ ಮುಂದೆ ನಿಂತಿದ್ದರೂ ಹೆಸರು ಬೇರೊಬ್ಬನ ಪುಸ್ತಕದಲ್ಲಿರುತ್ತದೆ, ಇಲ್ಲವೆ ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ಕಾಯಂ ನೌಕರಿಯವನ ಮಗಳಿಗೆ ಸುಲಭವಾಗಿ ದೊರೆಯುವುದು, ಅವನಿಗಿಂತ ಕಡಮೆ ಸಂಬಳದ ಗುತ್ತಿಗೆಯವನ ಮಗಳಿಗೆ ದುರ್ಲಭ. ಜಾರ್ಜಿಯಾದಲ್ಲಿ ಆದಾಯ ಮಿತಿಯನ್ನು ತೆಗೆದುಹಾಕಿದುದರಿಂದ ಆದುದು, ಇಲ್ಲಿ ಆದಾಯ ಮಿತಿಯನ್ನು ಇಟ್ಟುಕೊಂಡಿದ್ದರೂ ಆಗುತ್ತಿದೆ.

ದೊರೆತುದನ್ನು ಉಳಿಸಿಕೊಳ್ಳುವ ಕಷ್ಟ ಇದಕ್ಕಿಂತ ಸೂಕ್ಷ್ಮವಾದುದು, ಮತ್ತು ಸಾರ್ವಜನಿಕ ಚರ್ಚೆಯಲ್ಲಿ ಅದಕ್ಕೆ ಸಿಕ್ಕಿರುವ ಸ್ಥಾನವೂ ಅಲ್ಪ. ಕಟ್ಟಡ ಕಾರ್ಮಿಕರ ಮಂಡಳಿಯು 2021ರ ಅಧಿಸೂಚನೆಯಿಂದ ಶೈಕ್ಷಣಿಕ ಸಹಾಯಧನದ ದರಗಳನ್ನು ಗಣನೀಯವಾಗಿ ಏರಿಸಿತ್ತು. ಆ ಭರವಸೆಯ ಮೇಲೆ, ಪಿಯುಸಿ ಮುಗಿಸಿ ದುಡಿಮೆಗೆ ಹೋಗಬೇಕೆಂದಿದ್ದ ಎಷ್ಟು ಮಂದಿ ಇಂಜಿನಿಯರಿಂಗನ್ನೂ ನರ್ಸಿಂಗನ್ನೂ ಕಾನೂನನ್ನೂ ಸೇರಿರಬೇಕೆಂಬುದನ್ನು ಊಹಿಸಬಹುದು. 2023ರ ಅಕ್ಟೋಬರಿನ ಕೊನೆಗೆ ಹೊರಟ ಮತ್ತೊಂದು ಅಧಿಸೂಚನೆಯು ಆ ದರಗಳನ್ನು ಹಲವು ವ್ಯಾಸಂಗಗಳಲ್ಲಿ ಹಿಂದಿನದರ ಒಂದು ಚಿಕ್ಕ ಅಂಶಕ್ಕೆ ಇಳಿಸಿಬಿಟ್ಟಿತು. ಕಾರ್ಮಿಕರ ಮಕ್ಕಳಾದ ವಿದ್ಯಾರ್ಥಿನಿಯರು ಉಚ್ಚ ನ್ಯಾಯಾಲಯದ ಮೊರೆಹೊಕ್ಕು, ಹಿಂದಿನ ದರದಂತೆ ತಮಗೆ ಸಲ್ಲತಕ್ಕುದನ್ನು ಸಲ್ಲಿಸಬೇಕೆಂಬ ಆದೇಶವನ್ನು ಪಡೆದುದು ಅವರ ಧೈರ್ಯಕ್ಕೆ ಸಾಕ್ಷಿ. ಆದರೆ ಸಹಾಯಧನವನ್ನು ಉಳಿಸಿಕೊಳ್ಳುವುದಕ್ಕೆ ವಕೀಲರನ್ನು ಹುಡುಕಬೇಕಾದ ಸ್ಥಿತಿಯು ಅದನ್ನು ಕೊಡುವವರಿಗೆ ಗೌರವವನ್ನು ತರತಕ್ಕುದಲ್ಲ.

ನ್ಯಾಯಾಲಯದವರೆಗೆ ಹೋಗದ ನಷ್ಟಗಳು ಇನ್ನೂ ಅಧಿಕ. ವರ್ಷ ವರ್ಷವೂ ಅರ್ಜಿ ಹಾಕಬೇಕು. ತಂದೆಯ ಕಾರ್ಡು ನವೀಕರಣವಾಗಿರಬೇಕು. ನಾಡಕಚೇರಿಯ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರಬಾರದು. ಆಧಾರಿನಲ್ಲಿರುವ ಹೆಸರಿನ ಅಕ್ಷರವೂ ಅಂಕಪಟ್ಟಿಯ ಅಕ್ಷರವೂ ಒಂದೇ ಆಗಿರಬೇಕು. ಬ್ಯಾಂಕಿನ ಖಾತೆ ಆಧಾರಿಗೆ ಜೋಡಣೆಯಾಗಿರಬೇಕು. ಇವೆಲ್ಲ ಸರಿಯಿದ್ದ ದಿನ ಸೈಬರ್ ಸೆಂಟರಿನವನ ಸರ್ವರೂ ಸರಿಯಿರಬೇಕು. ಸೈಟು ಬದಲಾದಂತೆಲ್ಲ ವಸತಿ ಬದಲಾಯಿಸುವ ಕುಟುಂಬದಲ್ಲಿ ಈ ಕಾಗದಗಳೆಲ್ಲ ಒಂದೇ ಪೆಟ್ಟಿಗೆಯಲ್ಲಿ ಒಂದೇ ಕಾಲಕ್ಕೆ ಸಿಕ್ಕುವುದು ಭಾಗ್ಯದ ಮಾತು. ಲಾಟರಿಯನ್ನು ಮುಚ್ಚಿದ ರಾಜ್ಯದಲ್ಲಿ ವಿದ್ಯಾರ್ಥಿವೇತನದ ನವೀಕರಣವೇ ಅದೃಷ್ಟಪರೀಕ್ಷೆಯಾಗಬಾರದು. ಇದರ ಮೇಲೆ ಹಣವು ಬರುವ ಕಾಲದ ಪ್ರಶ್ನೆ. ಶುಲ್ಕವನ್ನು ಕಾಲೇಜು ಕೇಳುವುದು ಪ್ರವೇಶದ ದಿನ; ಸಹಾಯಧನವು ಅದಾಗಿ ತಿಂಗಳುಗಳು ಕಳೆದ ಮೇಲೆ, ಒಮ್ಮೊಮ್ಮೆ ವರ್ಷವೇ ಮುಗಿದ ಮೇಲೆ ಖಾತೆಗೆ ಬರುವುದಾದರೆ, ನಡುವಣ ಅವಧಿಗೆ ಸಾಲ ಹುಟ್ಟಿಸಬಲ್ಲವನಿಗೆ ಮಾತ್ರ ಅದು ಉಪಯುಕ್ತ.

ಇದನ್ನು ಓದುವಾಗ ಹಿರಿಯರಿಗೆ ವಾರಾನ್ನದ ದಿನಗಳು ನೆನಪಾಗಬಹುದು. ಏಳು ಮನೆಗಳು ಏಳು ದಿನಗಳಿಗೆ ಊಟವಿಕ್ಕಿ ಒಬ್ಬ ಹುಡುಗನನ್ನು ಓದಿಸುತ್ತಿದ್ದ ಆ ಪದ್ಧತಿಯನ್ನು ನಾವು ಮರಳಿ ಬಯಸಬೇಕಾಗಿಲ್ಲ. ಅದು ಬಹುಮಟ್ಟಿಗೆ ಜಾತಿಯ ಗೆರೆಯೊಳಗೆ ನಡೆದು, ಹೆಚ್ಚಿನ ಮಕ್ಕಳನ್ನು ಹೊರಗೇ ನಿಲ್ಲಿಸಿತ್ತು, ಪಡೆದವನ ಸ್ವಾಭಿಮಾನಕ್ಕೂ ಅದರಲ್ಲಿ ಪೆಟ್ಟಿತ್ತು. ಆದರೂ ಒಂದು ಅಂಶದಲ್ಲಿ ಅದು ಇಂದಿನ ಮಂಡಳಿಗಳಿಗಿಂತ ವಿವೇಕಯುತವಾಗಿತ್ತು: ಹುಡುಗನ ಪರೀಕ್ಷೆ ಮುಗಿಯುವತನಕ ಎಲೆ ಹಾಕಬೇಕೆಂಬುದನ್ನು ಗೃಹಿಣಿಯರು ತಿಳಿದಿದ್ದರು. ಓದಿನ ನಡುವೆ ನಿಂತುಹೋದ ಸಹಾಯವು ಕೊಡದೆ ಇದ್ದುದಕ್ಕಿಂತ ಕ್ರೂರ. ಯಾತಕ್ಕೆಂದರೆ, ಅದು ಸಾಲವನ್ನೂ ಅರ್ಧ ಪದವಿಯನ್ನೂ ಒಟ್ಟಿಗೆ ಬಿಟ್ಟುಹೋಗುತ್ತದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ನಿಧಿ ಅಕ್ಷಯಪಾತ್ರೆಯಲ್ಲ, ನಕಲಿ ಅರ್ಜಿದಾರರು ಕಡಮೆಯಿಲ್ಲ, ಅಂಕಗಳ ನಿಬಂಧನೆಯಿಲ್ಲದಿದ್ದರೆ ವಿದ್ಯಾರ್ಥಿಗೆ ಶ್ರದ್ಧೆ ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಮೊದಲೆರಡು ಮಾತುಗಳು ನಿಜ. ಆದರೆ ನಕಲಿ ಕಾರ್ಡಿನವನ ತಪ್ಪಿಗೆ ದರವನ್ನೇ ಇಳಿಸಿದರೆ ಅಸಲಿ ಕಾರ್ಡಿನವನೂ ಅದೇ ದಂಡವನ್ನು ತೆತ್ತಂತಾಗುತ್ತದೆ. ಶೋಧನೆ ನೋಂದಣಿಯಲ್ಲಿ ನಡೆಯಬೇಕೇ ಹೊರತು ಮಕ್ಕಳ ಶುಲ್ಕದಲ್ಲಿ ಅಲ್ಲ. ಮೂರನೆಯ ಮಾತಿಗೆ ಸರ್ಜಾಪುರದ ಕಡೆಗೆ ಕೈತೋರಿಸಬಹುದು. ಅಲ್ಲಿ ವಿಶ್ವವಿದ್ಯಾನಿಲಯವನ್ನು ನಡೆಸುತ್ತಿರುವ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಸರ್ಕಾರಿ ಶಾಲೆ ಮತ್ತು ಕಾಲೇಜುಗಳಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಉತ್ತೀರ್ಣರಾಗಿ ಪದವಿಯನ್ನೋ ಡಿಪ್ಲೊಮಾವನ್ನೋ ಸೇರಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿಗಳನ್ನು, ವ್ಯಾಸಂಗ ಮುಗಿಯುವವರೆಗೆ ಕೊಡುವ ಯೋಜನೆಯನ್ನು 2025ರಲ್ಲಿ ಕರ್ನಾಟಕಕ್ಕೂ ವಿಸ್ತರಿಸಿತು. ಸರ್ಕಾರಿ ಶಾಲೆಯಲ್ಲಿ ಓದಿದುದೇ ಅಲ್ಲಿ ಅರ್ಹತೆಯ ಗುರುತು. ಇಂತಿಷ್ಟು ಅಂಕ ಬೇಕೆಂಬ ಸೋಸುವಿಕೆಯಿಲ್ಲ. ಖಾಸಗಿ ದತ್ತಿಯೊಂದು ನಂಬಬಲ್ಲುದನ್ನು, ಕಾರ್ಮಿಕರದೇ ಆದ ನಿಧಿಯು ನಂಬಲಾರದೆ? ಬೆಳಗಿನ ಜಾವ ನೀರಿನ ಟ್ಯಾಂಕರಿಗೆ ಸಾಲು ನಿಂತು, ತಮ್ಮ ತಂಗಿಯರನ್ನು ನೋಡಿಕೊಂಡು ಕಾಲೇಜಿಗೆ ಬರುವ ಹುಡುಗಿಯ ಶೇಕಡ 48ನ್ನು, ಟ್ಯೂಷನ್ನಿನಿಂದ ಮನೆಗೆ ಬಂದ ಹುಡುಗನ ಶೇಕಡ 70ರ ಪಕ್ಕದಲ್ಲಿಟ್ಟು ತೂಗುವ ತಕ್ಕಡಿಗೆ ಯೋಗ್ಯತೆಯೆಂಬ ಹೆಸರು ಸಲ್ಲುವುದಿಲ್ಲ.

ಮಾಡಬೇಕಾದುದು ದುಸ್ಸಾಧ್ಯವೇನಲ್ಲ. ವಿದ್ಯಾರ್ಥಿ ಸೇರಿದ ವರ್ಷದಲ್ಲಿ ಯಾವ ದರವಿತ್ತೋ ಅದು ಆ ವ್ಯಾಸಂಗ ಮುಗಿಯುವತನಕ ಅವನಿಗೆ ಸಲ್ಲಬೇಕು. ದರವನ್ನು ಇಳಿಸುವುದು ಅನಿವಾರ್ಯವಾದರೆ ಮುಂದೆ ಸೇರುವವರಿಗೆ, ಮುಂಚಿತವಾಗಿ ಪ್ರಕಟಿಸಿ, ಇಳಿಸಲಿ. ನಕ್ಷೆಗೆ ಮಂಜೂರಾತಿ ಕೊಡುವಾಗಲೇ ಸೆಸ್ ವಸೂಲು ಮಾಡಬಲ್ಲ ಸ್ಥಳೀಯ ಸಂಸ್ಥೆಗಳು, ಕಟ್ಟಡದ ವಾಸಯೋಗ್ಯತಾ ಪತ್ರವನ್ನು ಕೊಡುವ ಮುನ್ನ ಅಲ್ಲಿ ದುಡಿದವರ ಪಟ್ಟಿಯನ್ನು ಮಂಡಳಿಗೆ ಒಪ್ಪಿಸಬೇಕೆಂದು ಬಿಲ್ಡರಿಗೆ ವಿಧಿಸಲಿ. ರುಜುವಿಗಾಗಿ ಕಾರ್ಮಿಕನು ಮೇಸ್ತ್ರಿಯ ಹಿಂದೆ ಅಲೆಯುವುದು ಆಗ ತಪ್ಪುತ್ತದೆ. ಗುತ್ತಿಗೆಯ ಕೆಲಸಗಾರನ ವಂತಿಗೆಗೂ ದೃಢೀಕರಣಕ್ಕೂ ಅವನು ನಿಂತು ದುಡಿಯುವ ಕಾರ್ಖಾನೆಯೇ ಹೊಣೆಯಾಗಲಿ. ಮುಂದಿನ ವರ್ಷಕ್ಕೆ ತೇರ್ಗಡೆಯಾದುದೇ ನವೀಕರಣಕ್ಕೆ ಸಾಕೆನಿಸಲಿ, ಒಂದು ವರ್ಷದ ಹಿನ್ನಡೆಗೆ ಕ್ಷಮೆಯಿರಲಿ. ಹಣವು ಶುಲ್ಕ ಕಟ್ಟುವ ತಿಂಗಳಿನಲ್ಲಿಯೇ ಬರಲಿ.

ಇಷ್ಟನ್ನೂ ಮಾಡದೆ, ಇರುವ ನಿಧಿಯ ದಾರಿಯನ್ನು ಸರಿಪಡಿಸದೆ, ಬಡಮಕ್ಕಳ ಓದಿಗೆ ಹಣ ಸಾಲದೆಂದು ಯಾರಾದರೂ ಲಾಟರಿಯ ಪ್ರಸ್ತಾಪವನ್ನು ತಂದರೆ, ಅವರನ್ನು ಒಂದೇ ಲೆಕ್ಕ ಕೇಳಬೇಕು. ಈ ವರ್ಷ ಎಷ್ಟು ಮಂದಿಗೆ ವೇತನ ಹಂಚಿದೆವೆಂಬ ಸಂಖ್ಯೆಯನ್ನು ಮಂಡಳಿಗಳು ಸಮಾರಂಭಗಳಲ್ಲಿ ಉತ್ಸಾಹದಿಂದ ಹೇಳುತ್ತವೆ. ಮೊದಲ ವರ್ಷದಲ್ಲಿ ಪಡೆದವರ ಪೈಕಿ ಕೊನೆಯ ವರ್ಷದಲ್ಲಿಯೂ ಪಡೆದು ಪದವಿ ಮುಗಿಸಿದವರೆಷ್ಟು, ಮುಗಿಸದವರು ಯಾವ ಕಾರಣದಿಂದ ಕೈಬಿಟ್ಟರು ಎಂಬ ಲೆಕ್ಕವನ್ನು ಜಿಲ್ಲೆವಾರು, ಪ್ರತಿವರ್ಷವೂ ಪ್ರಕಟಿಸಲಿ. ಕಡತದಲ್ಲಿರುವ ಹೆಸರುಗಳನ್ನು ಜೋಡಿಸಿ ನೋಡಿದರೆ ಸಿಕ್ಕತಕ್ಕ ಈ ಲೆಕ್ಕವನ್ನು ಕೊಡಲು ಹಿಂಜರಿಯುವ ಮಂಡಳಿಗೆ ಹೊಸ ಆದಾಯದ ಮೂಲವನ್ನು ಕೇಳುವ ನೈತಿಕ ಅಧಿಕಾರವಿಲ್ಲ.